ಸಮುದಾಯ ವಿಜ್ಞಾನ ಅಂದ್ರಲ್ಲ, ಯಾವ ಸಮುದಾಯ?

ಮೊನ್ನೆ ಕೆರೆ ಹಕ್ಕಿ ಗಣತಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. "ವಿಜ್ಞಾನಕ್ಕೂ ಜಾತಿ ತರ್ತೀರಾ?" ಅಂತ ಕೇಳಿದವರು ಹಲವರು. ಒಬ್ಬರು "ಹಕ್ಕಿಗೆ ಜಾತಿ ಇದೆಯಾ ಸಾರ್?" ಅಂತ ನಗೋ ಇಮೋಜಿ ಹಾಕಿದ್ದಾರೆ.

ಇದೆ ಸಾರ್. ಹಳೇ ಇಂಗ್ಲಿಷ್ ಪಕ್ಷಿ ಪುಸ್ತಕ ತೆಗೆದು ನೋಡಿ. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ ಇರೋ ಹದ್ದು 'ಬ್ರಾಹ್ಮಿನಿ ಕೈಟ್'. ಕಂದು ಮೈ, ಕವಲು ಬಾಲ, ಊರ ತಿಪ್ಪೆ ಮೇಲೆ ಸುತ್ತೋ ಹದ್ದು 'ಪರಯಾ ಕೈಟ್'. ಪರಯಾ ಅನ್ನೋದು ತಮಿಳುನಾಡಿನ ಪರೈಯರ್ ಜನರ ಹೆಸರಿಂದ ಬಂದದ್ದು, ಪರೈ ಅಂದ್ರೆ ತಮಟೆ. ಎರಡೂ ಹದ್ದುಗಳು ಸತ್ತ ಮೀನು ತಿನ್ನುತ್ತವೆ. ಆದರೆ ಒಂದನ್ನು ಕಂಡರೆ ಗರುಡ ಅಂತ ಕೈ ಮುಗೀತೀರಿ, ಇನ್ನೊಂದು ಕಂಡರೆ ಕೋಳಿಮರಿ ಒಳಗೆ ಹಾಕ್ಕೊಳ್ತೀರಿ. ಪರಯಾ ಕೈಟ್ ಈಗಿನ ಪಟ್ಟಿಗಳಲ್ಲಿ ಬ್ಲ್ಯಾಕ್ ಕೈಟ್ ಆಗಿದೆ, ಸಂತೋಷ. ಬ್ರಾಹ್ಮಿನಿ ಮಾತ್ರ ಇವತ್ತಿಗೂ ಬ್ರಾಹ್ಮಿನಿಯೇ. ನಮಗೆ ಉಳಿದದ್ದು ಬೀದಿನಾಯಿ. ಅದನ್ನು ಇನ್ನೂ ಪರಯಾ ಡಾಗ್ ಅಂತಲೇ ಬರೀತಾರೆ. ಹಕ್ಕಿಗೆ ಜಾತಿ ತಂದವನು ನಾನಲ್ಲ.

ಹೆಸರಿನ ವಿಷಯ ಬಿಡಿ, ನಾನು ಬರೆದದ್ದು ಗಣತಿ ಬಗ್ಗೆ. ನಮ್ಮ ತಾಲ್ಲೂಕಿನ ಒಂದು ಕೆರೆಗೆ ನಗರದಿಂದ ಒಂದು ತಂಡ ಬಂದಿತ್ತು. ಸಂಸ್ಥೆಯ ಹೆಸರು ಇಲ್ಲಿ ಬೇಡ, ಎಲ್ಲಾ ಕಡೆ ನಡೆಯೋದು ಇದೇ. ಒಳ್ಳೆ ಹುಡುಗ ಹುಡುಗಿಯರು, ಕತ್ತಲಲ್ಲೇ ಎದ್ದು ಬಂದಿದ್ದರು. ದಾರಿ ತೋರಿಸೋಕೆ ನಮ್ಮ ಕೇರಿಯ ಇಬ್ಬರು ಹುಡುಗರನ್ನು ಕರ್ಕೊಂಡು ಹೋದರು. ಆ ಹುಡುಗರ ಅಜ್ಜ ಆ ಕೆರೆಯ ನೀರುಗಂಟಿ. ನೀರುಗಂಟಿ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ: ಕೆರೆಯ ತೂಬು ಎತ್ತಿ ಇಳಿಸೋನು, ಯಾವ ಗದ್ದೆಗೆ ಎಷ್ಟು ನೀರು ಅಂತ ಅಳೆಯೋನು, ಮಳೆಗಾಲದ ರಾತ್ರಿ ಏರಿ ಮೇಲೆ ಕಾಯೋನು. ಕೋಲಾರದ ಕಡೆ, ನಮ್ಮ ಕಡೆ, ಈ ಕೆಲಸ ಮಾಡ್ತಿದ್ದವರು ಹೆಚ್ಚಾಗಿ ನಮ್ಮವರೇ. ಕೆರೆ ನೀರು ಊರಿಗೆಲ್ಲಾ ಹಂಚಿ, ಊರ ಬಾವಿಯಲ್ಲಿ ಬಿಂದಿಗೆ ಮುಟ್ಟೋ ಹಾಗಿಲ್ಲದವರು.

ಆ ಅಜ್ಜನ ಜೊತೆ ತಿರುಗಿದ ಹುಡುಗರಿಗೆ ಯಾವ ಜೊಂಡಿನಲ್ಲಿ ಯಾವ ಹಕ್ಕಿ ಮೊಟ್ಟೆ ಇಡುತ್ತೆ, ನೀರು ಎಷ್ಟು ಇಳಿದಾಗ ಉದ್ದ ಕಾಲಿನ ಹಕ್ಕಿಗಳು ಇಳೀತವೆ, ಎಲ್ಲಾ ಗೊತ್ತು. ಇಂಗ್ಲಿಷ್ ಹೆಸರು ಗೊತ್ತಿಲ್ಲ, ಅಷ್ಟೇ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಇವರು ಕೈ ತೋರಿಸಿದ್ದು, ಅವರು ಬರ್ಕೊಂಡದ್ದು. ಆಮೇಲೆ ವರದಿ ಬಂತು. ಸ್ವಯಂಸೇವಕರ ಹೆಸರುಗಳು, ಅವರ ಉದ್ಯೋಗ, ಬೈನಾಕ್ಯುಲರ್ ಕೊಟ್ಟವರು, ತಿಂಡಿ ಕೊಟ್ಟ ಹೋಟೆಲು, ಎಲ್ಲಾ ಇದೆ. ಈ ಇಬ್ಬರು ಹುಡುಗರು ಎಲ್ಲಿ? "ಸ್ಥಳೀಯರ ಸಹಕಾರ" ಅನ್ನೋ ಎರಡು ಪದದೊಳಗೆ.

ಇಷ್ಟೇ ಆಗಿದ್ರೆ ನಾನು ಸುಮ್ಮನಿರ್ತಿದ್ದೆ. ಹೆಸರಿಲ್ಲದೆ ಬದುಕೋದು ನಮಗೆ ಹೊಸದಲ್ಲ. ಆದರೆ ವರದಿಯಲ್ಲಿ "ಬೆದರಿಕೆಗಳು" ಅಂತ ಒಂದು ಕಾಲಂ ಇದೆ. ಅದರಲ್ಲಿ ಹುಲ್ಲು ಕೊಯ್ಯುವುದು, ದನ ಮೇಯಿಸುವುದು, ಮೀನು ಹಿಡಿಯುವುದು, ಬಟ್ಟೆ ಒಗೆಯುವುದು ಅಂತ ಬರೆದಿದ್ದಾರೆ. ಇಡೀ ವರದಿಯಲ್ಲಿ ನಮ್ಮ ಜನ ಎದ್ದು ಕಾಣೋದು ಈ ಕಾಲಂನಲ್ಲಿ ಮಾತ್ರ. ದಾರಿ ತೋರಿಸಿದಾಗ ಸಹಕಾರ, ಹುಲ್ಲು ಕೊಯ್ದಾಗ ಬೆದರಿಕೆ. ರಾಜಕಾಲುವೆ ಮುಚ್ಚಿ ಬಡಾವಣೆ ಎಬ್ಬಿಸಿದವರು ಆ ಕಾಲಂನಲ್ಲಿ ಇಲ್ಲ. ಗಣತಿ ನಡೆದದ್ದು ಭಾನುವಾರ ಬೆಳಗ್ಗೆ. ಬಡಾವಣೆಯವರ ಲಾರಿ ಬರೋದು ರಾತ್ರಿ. ಭಾನುವಾರ ಬೆಳಗ್ಗೆ ಕೆರೆ ಅಂಗಳದಲ್ಲಿ ಕಾಣಿಸೋದು ಕುಡುಗೋಲು ಹಿಡಿದ ಹೆಂಗಸರೇ.

ಈ ಕಾಗದ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಲ್ವಾ? ಕೆರೆ ಅಭಿವೃದ್ಧಿ ಸಮಿತಿಗೆ. ಆಮೇಲೆ ಬೇಲಿ, ವಾಕಿಂಗ್ ಪಾತ್, ಗೇಟು, ಗೇಟಿಗೊಬ್ಬ ಕಾವಲುಗಾರ. ಹಸು ಸಾಕಿರೋ ಭೂಮಿಯಿಲ್ಲದ ಹೆಂಗಸಿಗೆ ಕೆರೆ ಅಂಗಳದ ಹುಲ್ಲು ಅಂದ್ರೆ ದಿನಕ್ಕೆರಡು ಲೀಟರ್ ಹಾಲು. ಆ ಹಾಲಿನ ದುಡ್ಡು ಅಂದ್ರೆ ಮಗಳ ಕಾಲೇಜಿನ ಬಸ್ ಪಾಸು. ಒಂದು ಕಾಲಂನಲ್ಲಿ ಟಿಕ್ ಹಾಕಿದ್ದಕ್ಕೆ ಇಷ್ಟೆಲ್ಲಾ ಹೋಗುತ್ತೆ.

ಗಣತಿಯೇ ಬೇಡ ಅಂತ ನಾನು ಹೇಳ್ತಿಲ್ಲ, ತಿರುಚಬೇಡಿ. ಗಣತಿ ಬೇಕು. 1987ರಿಂದ ಪ್ರತಿ ಜನವರಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೀತಿದೆ. ಹದಿನಾರು ಕೆರೆಗೆ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳನ್ನು ಯಾರಾದರೂ ಎಣಿಸಲೇಬೇಕು. 2023ರ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಯ ಹಕ್ಕಿಗಳ ಬಗ್ಗೆ ಹೇಳಿದೆ. ಅದಕ್ಕೆ ಆಧಾರ ಸುಮಾರು 30 ಸಾವಿರ ಹವ್ಯಾಸಿಗಳು ಇ-ಬರ್ಡ್ ಆ್ಯಪಿಗೆ ಹಾಕಿದ ಸುಮಾರು 3 ಕೋಟಿ ದಾಖಲೆಗಳು. ದೊಡ್ಡ ಕೆಲಸ, ಇಲ್ಲ ಅನ್ನೋಲ್ಲ. ಆ 30 ಸಾವಿರದಲ್ಲಿ ನಮ್ಮ ಕೇರಿಯವರು ಎಷ್ಟು ಅಂತ ಕೇಳಿದರೆ ಮಾತ್ರ "ಆ್ಯಪ್ ಎಲ್ಲರಿಗೂ ಫ್ರೀ" ಅಂತೀರಿ. ಆ್ಯಪ್ ಫ್ರೀ ಸ್ವಾಮಿ, ಭಾನುವಾರ ಫ್ರೀ ಅಲ್ಲ. ಸಂಬಳದ ರಜೆ ಇರೋನು ಕೆರೆ ಸುತ್ತಿದರೆ ಸ್ವಯಂಸೇವೆ. ದಿನಗೂಲಿ ಬಿಟ್ಟು ಬಂದೋನು ಸುತ್ತಿದರೆ ಅದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ, ಬಿಟ್ಟಿ ಚಾಕರಿ. ಬಾಬಾಸಾಹೇಬರು ಮಹಾರ್ ವತನದ ವಿರುದ್ಧ 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದದ್ದು ಇದಕ್ಕೇ. ಊರಿನ ಗಡಿ ತೋರಿಸೋದು, ಓಲೆ ಒಯ್ಯೋದು, ಸತ್ತ ದನ ಎಳೆಯೋದು, ಇದೆಲ್ಲಾ ಹುಟ್ಟಿನ ಋಣ ಅಂತ ಪುಡಿಗಾಸಿಗೆ ಮಾಡಿಸ್ತಿದ್ದರು. "ದಾರಿ ತೋರ್ಸು ಬಾರೋ" ಅಂದಾಗ ನನಗೆ ಅದೇ ನೆನಪಾಗುತ್ತೆ.

ಸತ್ತ ದನದ ಮಾತು ಬಂತಲ್ಲ. ರಣಹದ್ದುಗಳ ಕತೆ ಎಲ್ಲರೂ ಹೇಳ್ತೀರಿ. 1990ರ ದಶಕದಲ್ಲಿ ಕೋಟ್ಯಂತರ ರಣಹದ್ದು ಸತ್ತವು. ದನಕ್ಕೆ ಕೊಡೋ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿಯೇ ಕಾರಣ ಅಂತ 2004ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. 2006ರಲ್ಲಿ ಪಶುಗಳಿಗೆ ಅದನ್ನು ಕೊಡಬಾರದು ಅಂತ ಸರ್ಕಾರ ನಿಷೇಧಿಸಿತು. ಸರಿ. ಆದರೆ ಈ ದೇಶದಲ್ಲಿ ಸತ್ತ ದನದ ಪಕ್ಕ ದಿನವೂ ನಿಲ್ತಿದ್ದವರು ಯಾರು? ಚರ್ಮ ಸುಲಿದು ಮುಗಿಸೋದ್ರೊಳಗೆ ಸುತ್ತ ಬಂದು ಕೂತು ಕಾಯ್ತಿದ್ವು ಅಂತ ನಮ್ಮ ದೊಡ್ಡಪ್ಪ ಹೇಳ್ತಿದ್ದ. ಆಮೇಲೆ ಕಡಿಮೆಯಾದ್ವು, ಆಮೇಲೆ ಬರೋದೇ ನಿಂತ್ವು, ನಾಯಿಗಳು ಬಂದ್ವು. ಯಾವ ವರ್ಷದಿಂದ ಅಂತಲೂ ಅವನಿಗೆ ಲೆಕ್ಕ ಇತ್ತು, ದೊಡ್ಡಮ್ಮನ ಮದುವೆ ಆದ ವರ್ಷ, ಹಟ್ಟಿಗೆ ಕರೆಂಟು ಬಂದ ವರ್ಷ ಅಂತ. ಭರತ್‌ಪುರದಲ್ಲಿ ವಿಜ್ಞಾನಿಗಳು ಎಣಿಸಿದ್ದನ್ನು ಪತ್ರಿಕೆಗಳು ಬರೆದವು. ದೊಡ್ಡಪ್ಪನನ್ನು ಕೇಳೋಕೆ ಯಾರೂ ಬರಲಿಲ್ಲ. ಆ ಕೆಲಸಕ್ಕೆ ನಾನು ಹಾಡು ಕಟ್ತಿಲ್ಲ, ಅದು ನಮ್ಮ ಮೇಲೆ ಹೇರಿದ ಕೆಲಸ. 2016ರಲ್ಲಿ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನು ಕಟ್ಟಿ ಹೊಡೆದ ಮೇಲೆ ಗುಜರಾತಿನ ದಲಿತರು ಹೆಣ ಎತ್ತಲ್ಲ ಅಂದರಲ್ಲ, ಅದೇ ಸರಿ. ಹೊಲಸು ಅಂತ ನಮ್ಮ ತಲೆಗೆ ಕಟ್ಟಿದ ಕೆಲಸದಲ್ಲೂ ನಮ್ಮವರು ಕಣ್ಣು ತೆರೆದೇ ಇದ್ದರು ಅನ್ನೋದಷ್ಟೇ ನನ್ನ ಮಾತು.

ಗಿಡಗಳ ವಿಷಯಕ್ಕೆ ಬಂದರೂ ಇದೇ. ನಮ್ಮ ಹೆಂಗಸರು ಬೇರೆಯವರ ರಾಗಿ ಹೊಲದಲ್ಲಿ ಕಳೆ ಕೀಳುವಾಗ ಸೆರಗಿಗೆ ಕಟ್ಕೊಂಡು ಬರ್ತಾರಲ್ಲ ಬೆರಕೆ ಸೊಪ್ಪು, ಅಣ್ಣೆ, ಕನ್ನೆ, ಗಣಿಕೆ, ಹೊನಗೊನ್ನೆ, ತುಂಬೆ, ಅದು ಹೊಲದ ಯಜಮಾನನಿಗೆ ಕಳೆ, ನಮಗೆ ರಾತ್ರಿಯ ಸಾರು. ಯಾವುದನ್ನು ಯಾವ ತಿಂಗಳು ತಿನ್ನಬೇಕು, ಯಾವುದನ್ನು ಬಾಣಂತಿಗೆ ಕೊಡಬಾರದು, ಯಾವ ಹೊಲಕ್ಕೆ ಕಳೆನಾಶಕ ಹೊಡೆದ ಮೇಲೆ ಯಾವ ಸೊಪ್ಪು ಹುಟ್ಟೋದು ನಿಂತಿತು, ಇದೆಲ್ಲಾ ಅವರ ಬಾಯಲ್ಲಿದೆ. ಕೊನೆಯದಂತೂ ಮೊಬೈಲ್ ಫೋಟೋದಲ್ಲಿ ಸಿಗಲ್ಲ. ಐನ್ಯಾಚುರಲಿಸ್ಟ್ ಆ್ಯಪಿಗೆ ಇರೋ ಗಿಡದ ಚಿತ್ರ ಬೇಕು. ಇಲ್ಲದೇ ಹೋದ ಗಿಡದ ಚಿತ್ರ ಎಲ್ಲಿಂದ ತರೋದು? ಅದು ಇರೋದು ಅರವತ್ತು ದಾಟಿದ ಕೂಲಿ ಹೆಂಗಸಿನ ನೆನಪಲ್ಲಿ ಮಾತ್ರ.

ಇನ್ನೊಂದು ಸಂಗತಿ, ಇದನ್ನು ನಮ್ಮವರೂ ಬಾಯಿಬಿಟ್ಟು ಹೇಳಲ್ಲ. ನಮ್ಮ ಪ್ರಾಣಿಜ್ಞಾನದ ಬಹುಪಾಲು ಹಸಿವಿಂದ ಬಂದದ್ದು. ಮೊದಲ ಮಳೆಗೆ ಏಳೋ ಈಸಲು, ಗದ್ದೆ ಏಡಿ, ಕೆಸರಲ್ಲಿ ಹುದುಗಿದ ಕೊರವ ಮೀನು. ಉಡ ಎಲ್ಲಿರುತ್ತೆ, ಮೊಲ ಯಾವ ದಾರಿ ಹಿಡಿಯುತ್ತೆ. ಈಗ ಸಮೀಕ್ಷೆಯವರು ಬಂದು "ಇಲ್ಲಿ ಉಡ ಇದೆಯಾ, ಎಲ್ಲಿ ನೋಡಿದ್ರಿ" ಅಂತ ಕೇಳಿದರೆ ನಮ್ಮ ಮುದುಕ ಏನಂತಾನೆ? ಉಡ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ನಗರದವನು ಉಡದ ಫೋಟೋ ಹಾಕಿದರೆ ಅದು ಮಾಹಿತಿ, ನಮ್ಮವನು ಉಡದ ಬಿಲ ತೋರಿಸಿದರೆ ಅದು ತಪ್ಪೊಪ್ಪಿಗೆ. "ನಂಗೇನೂ ಗೊತ್ತಿಲ್ಲ ಸ್ವಾಮಿ" ಅಂತಾನೆ. ನೀವು "ಸ್ಥಳೀಯರಲ್ಲಿ ಅರಿವಿನ ಕೊರತೆ" ಅಂತ ಬರ್ಕೊಳ್ತೀರಿ.

ಬೈನಾಕ್ಯುಲರ್ ಕೊಟ್ಟುಬಿಟ್ಟರೆ ಎಲ್ಲಾ ಸರಿಹೋಗುತ್ತೆ ಅನ್ನೋರಿದ್ದಾರೆ. ಕೇರಿ ಹುಡುಗ ಅದನ್ನು ಕತ್ತಿಗೆ ಹಾಕ್ಕೊಂಡು ಮೇಲ್ಜಾತಿಯವರ ತೆಂಗಿನ ತೋಟದ ಬದುವಿನ ಮೇಲೆ ನಿಂತು ನೋಡಲಿ. "ಯಾರ ಮಗನೋ ನೀನು, ಏನೋ ನೋಡ್ತಿದೀಯ?" ಹಕ್ಕಿ ಅಂದರೆ ನಂಬೋರು ಯಾರು? 2020ರ ಮೇ 25ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕ್ರಿಶ್ಚಿಯನ್ ಕೂಪರ್ ಅನ್ನೋ ಕಪ್ಪು ಪಕ್ಷಿವೀಕ್ಷಕ ನಾಯಿಗೆ ಹಗ್ಗ ಕಟ್ಟಿ ಅಂದದ್ದಕ್ಕೆ ಬಿಳಿ ಹೆಂಗಸೊಬ್ಬಳು ಪೊಲೀಸರಿಗೆ ಫೋನ್ ಮಾಡಿದಳು. ಜಾರ್ಜ್ ಫ್ಲಾಯ್ಡ್ ಸತ್ತದ್ದು ಅದೇ ದಿನ. ಕೆಲವೇ ದಿನಗಳಲ್ಲಿ ಅಲ್ಲಿನ ಕಪ್ಪು ಯುವಜನರು ತಮ್ಮದೇ ಪಕ್ಷಿವೀಕ್ಷಕರ ಸಪ್ತಾಹ ಮಾಡಿದರು. 2023ರಲ್ಲಿ ಅಮೆರಿಕದ ಪಕ್ಷಿವಿಜ್ಞಾನಿಗಳ ಸಂಘ ವ್ಯಕ್ತಿಗಳ ಹೆಸರಿಟ್ಟ ಹಕ್ಕಿಗಳಿಗೆಲ್ಲಾ ಹೊಸ ಹೆಸರು ಕೊಡ್ತೀವಿ ಅಂದಿತು. ಅಲ್ಲಿ ಆಗಿದ್ದು ನಿಮ್ಮ ಗ್ರೂಪುಗಳಲ್ಲೂ ಶೇರ್ ಆಗಿತ್ತು, ಲೈಕು ಬಿದ್ದಿತ್ತು. ಇಲ್ಲಿ ಅದನ್ನೇ ಕೇಳಿದರೆ ನಗೋ ಇಮೋಜಿ. ಸಿಟಿಜನ್ ಅನ್ನೋ ಪದ ವಲಸಿಗರನ್ನು ಹೊರಗಿಡುತ್ತೆ ಅಂತ ಅಲ್ಲಿನ ಹಲವರು ಕಮ್ಯುನಿಟಿ ಸೈನ್ಸ್ ಅಂತ ಬದಲಾಯಿಸಿಕೊಂಡರು. ನಾವು ಅದನ್ನು ಸಮುದಾಯ ವಿಜ್ಞಾನ ಅಂತ ಕನ್ನಡಕ್ಕೆ ತಂದೆವು. ಕನ್ನಡದಲ್ಲಿ ಸಮುದಾಯ ಅಂದ್ರೆ ಏನು ಅಂತ ಯಾವ ಊರಿನ ಸಮುದಾಯ ಭವನದ ಬೋರ್ಡು ನೋಡಿದರೂ ಗೊತ್ತಾಗುತ್ತೆ.

ಕಾನೂನಿನಲ್ಲಿ ನಮಗೆ ಒಂದು ಜಾಗ ಇದೆ, ಸಣ್ಣದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಬರೀಬೇಕು. ಸಮಿತಿಗೆ ನೇಮಿಸುವ ಆರು ಜನರಲ್ಲಿ ಮೂರನೇ ಒಂದು ಭಾಗ ಹೆಂಗಸರು, ಶೇಕಡಾ 18 ಪರಿಶಿಷ್ಟರು ಅಂತ 2004ರ ಕೇಂದ್ರ ನಿಯಮ ಹೇಳಿತ್ತು. ಆರರಲ್ಲಿ ಶೇಕಡಾ 18 ಅಂದ್ರೆ ಒಬ್ಬ. ವರ್ಷಗಟ್ಟಲೆ ಯಾರೂ ಬರೀಲಿಲ್ಲ. ಆಮೇಲೆ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದರೆ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ದಂಡ ಅಂದದ್ದೇ ತಡ, ದೇಶದಲ್ಲಿ ಲಕ್ಷಗಟ್ಟಲೆ ದಾಖಲಾತಿಗಳು ತಯಾರಾದವು. ನಿಮ್ಮ ಕೇರಿಗೆ ಬಂದು ಯಾರಾದರೂ ಕೇಳಿದ್ದರಾ? ನಮ್ಮ ಕೇರಿಗೆ ಬರಲಿಲ್ಲ.

2023ರ ತಿದ್ದುಪಡಿ ಅದರ ಮೇಲೆ ಬರೆ ಎಳೆದಿದೆ. ಕ್ರೋಡೀಕೃತ ಜ್ಞಾನ, ಅಂದ್ರೆ ಸರ್ಕಾರ ಪಟ್ಟಿ ಮಾಡಿದ ಆಯುರ್ವೇದ, ಸಿದ್ಧ, ಯುನಾನಿ ಗ್ರಂಥಗಳಲ್ಲಿ ಇರೋ ಜ್ಞಾನ, ಬಳಸಿದರೆ ಊರವರಿಗೆ ಲಾಭದಲ್ಲಿ ಪಾಲು ಕೊಡಬೇಕಿಲ್ಲ. ಗ್ರಂಥ ಓದೋಕೆ ಬಿಡದವರು ಈಗ ಗ್ರಂಥದಲ್ಲಿದೆ, ನಿನ್ನದೇನೂ ಇಲ್ಲ ಅಂತಿದ್ದಾರೆ. 1987ರಲ್ಲಿ ಕೇರಳದ ಅಗಸ್ತ್ಯ ಬೆಟ್ಟದಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸ್ತಿದ್ದ ಕಾಣಿ ಜನ ಒಂದು ಕಾಯಿ ತಿಂದು ದಣಿಯದೆ ನಡೀತಿದ್ದರು. ಆರೋಗ್ಯಪಚ್ಚ ಗಿಡದ ಕಾಯಿ. ಅದರಿಂದ ಜೀವನಿ ಅನ್ನೋ ಔಷಧಿ ಆಯಿತು, ಅದರ ಹಣದಲ್ಲಿ ಅರ್ಧ ಕಾಣಿಗಳ ಟ್ರಸ್ಟಿಗೆ ಅಂತ ಒಪ್ಪಂದ ಆಯಿತು. ಆ ಒಪ್ಪಂದದಲ್ಲೂ ಕೊರತೆಗಳಿದ್ದವು. ಆದರೂ ದಾರಿ ತೋರಿಸಿದವರನ್ನು ಸಹಕಾರ ಅಂತ ಬರೆದು ಮುಗಿಸಲಿಲ್ಲ.

ನಾವು ಕೆಲವರು ಸೇರಿ ನಮ್ಮ ಪಂಚಾಯಿತಿಯ ದಾಖಲಾತಿ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ. ನೀವೂ ಹಾಕಿ. ಸಿಕ್ಕಿದರೆ ಮಾಹಿತಿ ಕೊಟ್ಟವರ ಹೆಸರಿನ ಪುಟ ಮೊದಲು ನೋಡಿ, ನಮ್ಮ ಕೇರಿಯ ಒಂದಾದರೂ ಹೆಸರು ಇದೆಯಾ ಅಂತ. ಸಮಿತಿಯಲ್ಲಿರೋ ಆ ಒಬ್ಬ ಪರಿಶಿಷ್ಟ ಸದಸ್ಯ ಯಾರು, ಅವರಿಗೆ ತಾವು ಸದಸ್ಯರು ಅಂತ ಗೊತ್ತಿದೆಯಾ ಕೇಳಿ. ಸಮೀಕ್ಷೆ ಮಾಡೋ ಗೆಳೆಯರಿಗೂ ಹೇಳ್ತಿದ್ದೀನಿ: ಮುಂದಿನ ಜನವರಿಗೆ ಬನ್ನಿ, ಬರಬೇಡಿ ಅನ್ನಲ್ಲ. ದಾರಿ ತೋರಿಸೋರಿಗೆ ದಿನದ ಕೂಲಿ ಕೊಡಿ, ವರದಿಯಲ್ಲಿ ಹೆಸರು ಹಾಕಿ, ಬೇಡ ಅಂದವರದ್ದು ಬಿಡಿ. "ಬೆದರಿಕೆಗಳು" ಕಾಲಂ ತುಂಬೋ ಮುಂಚೆ ಅದನ್ನು ಕನ್ನಡದಲ್ಲಿ ಹುಲ್ಲು ಕೊಯ್ಯೋ ಹೆಂಗಸರ ಮುಂದೆ ಜೋರಾಗಿ ಓದಿ. ಅವರು ಕೂಡ ಒಂದೆರಡು ಹೆಸರು ಸೇರಿಸ್ತಾರೆ, ರಾತ್ರಿ ಬರೋ ಲಾರಿಗಳ ನಂಬರ್ ಸಮೇತ.

ಜೈ ಭೀಮ್.