ಬಿಸಿನೀರಿನ ಕುಂಡವೂ ದುಡಿಯುವವನ ರಜೆಯೂ

ಇನ್ನೊಬ್ಬರಿಗೆ ಬಿಸಿನೀರು ಕಾಯಿಸಿ ಕೊಟ್ಟು, ಹಾಸಿಗೆ ಹಾಸಿ, ಬಡಿಸಿ, ಎಂಜಲು ತೆಗೆದವರು ನಾವು. ಅದೇ ಉಪಚಾರವನ್ನು ವರ್ಷಕ್ಕೆ ಎರಡು ದಿನ ನಾವೂ ಕುಳಿತು ಪಡೆಯಬೇಕೆಂದರೆ ಮಾತ್ರ "ಅದು ಧಣಿಗಳಿಗೆ ಮಾರಾಯರೇ" ಎಂದು ನಮ್ಮವರೇ ನಗುತ್ತಾರೆ. ಈ ನಗು ಸರಿಯಲ್ಲವೆಂದು ಹೇಳುವುದಕ್ಕಾಗಿಯೇ ಈ ನಾಲ್ಕು ಮಾತು.

ಜಪಾನ್ ದೇಶದಲ್ಲಿ ನೆಲದೊಳಗಿಂದ ಬಿಸಿನೀರು ಉಕ್ಕುವ ಕಡೆಗಳಲ್ಲಿ ಹಳೆಯ ತಂಗುಮನೆಗಳಿವೆ. ಅವಕ್ಕೆ ರಿಯೋಕಾನ್ ಎಂದು ಹೆಸರು. ಯಾಮಾನಾಶಿ ಪ್ರಾಂತದ ಕೇಯುನ್‌ಕಾನ್ ಎಂಬ ಮನೆ 705ರಲ್ಲಿ ಶುರುವಾಯಿತೆಂದು ಲೆಕ್ಕ. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹತ್ತಿಯ ನಿಲುವಂಗಿ ತೊಟ್ಟು, ಚಾಪೆ ಹಾಸಿದ ಕೋಣೆಯಲ್ಲಿ ಕೂರುತ್ತಾರೆ. ಮೊದಲು ಹೊರಗೆ ಸೋಪು ಹಚ್ಚಿ ಮೈ ತೊಳೆದು, ಆಮೇಲೆಯೇ ಎಲ್ಲರ ಕೊಳಕ್ಕೆ ಇಳಿಯಬೇಕು. ರಾತ್ರಿಯ ಊಟ, ಬೆಳಗಿನ ಊಟ ಎರಡೂ ಬಾಡಿಗೆಯಲ್ಲೇ ಸೇರಿದೆ, ಟಿಪ್ಸಿನ ಪದ್ಧತಿಯಿಲ್ಲ.

ಇಂದು ಇಂಥ ಮನೆಗಳ ದರ ನಮ್ಮ ಕೈಗೆ ಎಟುಕದು. ಆದರೆ ಬಿಸಿನೀರಿನ ಬಳಿ ತಂಗುವ ಈ ರೂಢಿ ಸಿರಿವಂತರ ಸ್ವತ್ತಾಗಿರಲಿಲ್ಲ. ಕೊಯ್ಲು ಮುಗಿಸಿದ ರೈತರು, ಬಲೆ ಮಡಚಿದ ಮೀನುಗಾರರು ಅಕ್ಕಿಯ ಗಂಟು ಹೊತ್ತು ಹೋಗಿ, ಅಗ್ಗದ ಕೋಣೆ ಹಿಡಿದು, ತಾವೇ ಅಡಿಗೆ ಮಾಡಿಕೊಂಡು, ವಾರಗಟ್ಟಲೆ ನೀರಿನಲ್ಲಿ ಮೈನೋವು ಕಳೆಯುತ್ತಿದ್ದರು. ಇದಕ್ಕೆ ಅಲ್ಲಿ ತೋಜಿ ಎನ್ನುತ್ತಾರೆ. ದುಡಿದ ಮೈಗೆ ವಿಶ್ರಾಂತಿ ಬೇಕೆಂಬುದು ಅವರಿಗೆ ಶೋಕಿಯಾಗಿ ಕಾಣಲಿಲ್ಲ.

ನಮಗೇನು ಕೊರತೆ? ಮುಂಬಯಿಯ ನಲ್ಲಿಗಳಿಗೆ ನೀರು ಕೊಡುವ ತಾನ್ಸಾ ನದಿಯ ದಡದಲ್ಲೇ ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿಯ ಬಿಸಿನೀರ ಕುಂಡಗಳಿವೆ. ಭಾಂಡುಪಿನಿಂದ ಲೋಕಲ್ ಹಿಡಿದು ಠಾಣೆಯಲ್ಲಿ ಇಳಿದು, ಭಿವಂಡಿಯ ಮೇಲೆ ಬಸ್ಸಿನಲ್ಲಿ ಹೋದರಾಯಿತು. ಕಾಞಂಗಾಡಿನಲ್ಲಿ ಆಶ್ರಮ ಕಟ್ಟಿ ಇಲ್ಲಿಗೆ ಬಂದ ನಿತ್ಯಾನಂದ ಸ್ವಾಮಿಗಳು 1961ರಲ್ಲಿ ಸಮಾಧಿಯಾದದ್ದು ಗಣೇಶಪುರಿಯಲ್ಲೇ. ನಮ್ಮ ಜಿಲ್ಲೆಯ ಹೋಟೆಲಿನವರಿಗೆ ಆ ದಾರಿ ಹೊಸದಲ್ಲ. ಆದರೆ ನಾವು ಹೋಗುವುದು ಹೇಗೆ? ಬೆಳಿಗ್ಗೆ ಓಡಿ, ದರ್ಶನ ಮಾಡಿ, ಕುಂಡದಲ್ಲಿ ಒಂದು ಮುಳುಗು ಹಾಕಿ, ಸಂಜೆಯೊಳಗೆ ವಾಪಸು. ಮರುದಿನ ಐದಕ್ಕೆ ಒಲೆ ಹಚ್ಚಬೇಕಲ್ಲ! ಇದು ವಿಶ್ರಾಂತಿಯಲ್ಲ, ಇನ್ನೊಂದು ಪಾಳಿ.

ರಜೆ ಧಣಿಗಳ ದಾನವಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ವಾರದ ರಜೆಯ ಜೊತೆಗೆ, ವರ್ಷದಲ್ಲಿ 240 ದಿನ ದುಡಿದವನಿಗೆ 20 ದಿನಕ್ಕೊಂದರಂತೆ ಸಂಬಳದ ರಜೆ ಬರೆದುಕೊಟ್ಟಿದೆ. ಕೆಲವೇ ಜನ ದುಡಿಯುವ ಚಿಕ್ಕ ಹೋಟೆಲುಗಳನ್ನು ಅದು ಹೊರಗಿಟ್ಟಿತು. ಆ ಜಗಳ ಬಾಕಿಯಿದೆ, ಅದನ್ನು ಬಿಡಬಾರದು.

"ನೀವೆಲ್ಲ ಹೋದರೆ ಗಿರಾಕಿಗೆ ಯಾರು ಬಡಿಸುವುದು?" ಎಂದು ಧಣಿಗಳು ಕೇಳುತ್ತಾರೆ. ಇದಕ್ಕೂ ಜಪಾನಿನಲ್ಲೇ ಉತ್ತರವಿದೆ. ರಿಯೋಕಾನಿನ ಕೆಲಸಗಾರರ ದಿನವೂ ನಮ್ಮದರಂತೆ ಎರಡು ತುಂಡು: ಬೆಳಿಗ್ಗೆ ಬಡಿಸು, ಸಂಜೆ ಮತ್ತೆ ಬಡಿಸು. ಕನಾಗಾವಾ ಪ್ರಾಂತದ ಜಿನ್ಯಾ ಎಂಬ ತಂಗುಮನೆ 2014ರಿಂದ ವಾರಕ್ಕೆ ಎರಡು ದಿನ ಬಾಗಿಲನ್ನೇ ಮುಚ್ಚಿ ಎಲ್ಲರಿಗೂ ರಜೆ ಕೊಡತೊಡಗಿತು. ಅದರಿಂದ ಅಂಗಡಿ ಮುಳುಗಲಿಲ್ಲ. ನಾವು ಬಾಗಿಲು ಮುಚ್ಚಿರೆಂದು ಕೇಳುತ್ತಿಲ್ಲ. ಸರದಿಯ ಮೇಲೆ ಬಿಡಿರೆಂದಷ್ಟೇ ಕೇಳುತ್ತೇವೆ.

ಆದ್ದರಿಂದ ಸಂಘದ ಮುಂದೆ ನಮ್ಮ ಸೂಚನೆ ಇದು. ತಿಂಗಳಿಗಿಷ್ಟೆಂದು ಚಿಕ್ಕ ವಂತಿಗೆ ಕೂಡಿಸಿ, ವ್ಯಾಪಾರ ಇಳಿದ ದಿನಗಳಲ್ಲಿ, ಇಪ್ಪತ್ತು ಜನರ ತಂಡವನ್ನು ಎರಡು ರಾತ್ರಿ ಗಣೇಶಪುರಿಯಲ್ಲಿ ತಂಗಿಸಬೇಕು. ಒಂದು ತಿಂಗಳು ಮೊದಲೇ ಧಣಿಗಳಿಗೆ ಬರಹದಲ್ಲಿ ತಿಳಿಸಬೇಕು. ಅಕ್ಕಿ, ಬೇಳೆ ನಾವೇ ಒಯ್ಯೋಣ. ಗಿರಣಿಯಲ್ಲಿ ಸವೆದ ಹಿರಿಯರಿಗೆ ಮೊದಲ ಸ್ಥಾನವಿರಲಿ. ಬಿಸಿನೀರು ಔಷಧವಲ್ಲ, ರಕ್ತದೊತ್ತಡ, ಎದೆಯ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿಯೇ ಇಳಿಯಲಿ. ಮನೆಯ ಹೆಂಗಸರೂ ಬರಲಿ, ಆದರೆ ಒಲೆ ಅವರ ಪಾಲಿಗೆ ಬೀಳದಿರಲಿ. ಸಾವಿರ ಎಲೆ ಬಡಿಸಿದ ಕೈಗಳಿಗೆ ಇಪ್ಪತ್ತು ಜನರ ಅಡಿಗೆ ದೊಡ್ಡದೇನಲ್ಲ.

ಬಂಧುಗಳೇ, ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿರಿ. ಮೊದಲ ತಂಡ ಭಾಂಡುಪಿನಿಂದಲೇ ಹೊರಡಲಿ.