‘ವೇಸ್ಟ್’ ಭೂಮಿ: ಯಾರ ಪಾಲಿಗೆ ಪಾಳು?

ಇಂಗ್ಲಿಷಿನ ‘ವೇಸ್ಟ್’ ಎಂಬ ಪದಕ್ಕೆ ಇಂದು ಮಲೆನಾಡಿನ ಯಾವ ಮನೆಯಲ್ಲೂ ಅರ್ಥ ಹೇಳಬೇಕಾಗಿಲ್ಲ. ತಟ್ಟೆಯಲ್ಲಿ ಉಳಿದ ಅನ್ನ ವೇಸ್ಟ್, ಬಾರದ ಬಸ್ಸಿಗಾಗಿ ಕಾದ ಹೊತ್ತು ವೇಸ್ಟ್, ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗನೂ ಗೆಳೆಯರ ಬಾಯಲ್ಲಿ ವೇಸ್ಟ್. ಇಷ್ಟರಿಂದ ದೊಡ್ಡ ಹಾನಿಯೇನೂ ಇಲ್ಲ. ಆದರೆ ಇದೇ ಪದ ಭೂಮಿಗೆ ವಿಶೇಷಣವಾಗಿ ಅಂಟಿಕೊಂಡು ‘ವೇಸ್ಟ್ ಲ್ಯಾಂಡ್’ ಎಂದಾದಾಗ, ಸರ್ಕಾರಿ ಕಡತದಲ್ಲಿ ‘ಪಾಳುಭೂಮಿ’, ‘ಬಂಜರು’ ಎಂದು ಕನ್ನಡಕ್ಕೆ ಇಳಿದಾಗ, ಒಂದು ಊರಿನ ಗೋಮಾಳ, ಬೆಟ್ಟ, ಬ್ಯಾಣಗಳ ಭವಿಷ್ಯವೇ ಬದಲಾಗುತ್ತದೆ. ದನ ಮೇಯುವ, ಸೊಪ್ಪು ಕೊಡುವ, ನೀರು ಇಂಗುವ ನೆಲ ಒಂದು ಶಬ್ದದ ಬಲದಿಂದ ‘ಯಾರಿಗೂ ಬೇಡವಾದ’ ನೆಲವಾಗಿಬಿಡುತ್ತದೆ. ಹೀಗಾಗಿ ಈ ಸಣ್ಣ ವಿಶೇಷಣದ ಚರಿತ್ರೆಯನ್ನು ತಿಳಿಯುವುದು ಕೇವಲ ಭಾಷಾವಿದ್ಯಾರ್ಥಿಗಳ ಕೆಲಸವಲ್ಲ. ಅದು ಬೆಟ್ಟದ ಮೇಲೆ ಬದುಕು ಕಟ್ಟಿಕೊಂಡ ಪ್ರತಿಯೊಬ್ಬ ಕೃಷಿಕನಿಗೂ ಸಂಬಂಧಿಸಿದ್ದು.

ಬರಿದಾದ ನೆಲದಿಂದ ಕಂದಾಯವಿಲ್ಲದ ನೆಲಕ್ಕೆ

ಈ ಪದದ ಬೇರು ಲ್ಯಾಟಿನ್ನಿನ ‘ವಾಸ್ಟಸ್’. ಬರಿದಾದ, ಜನವಿಲ್ಲದ, ಎಲ್ಲೆಯಿಲ್ಲದೆ ಹರಡಿದ ಎಂಬುದು ಅದರ ಅರ್ಥ. ವಿಶಾಲ ಎಂಬರ್ಥದ ಇಂಗ್ಲಿಷಿನ ‘ವಾಸ್ಟ್’, ಧ್ವಂಸ ಎಂಬರ್ಥದ ‘ಡಿವಾಸ್ಟೇಶನ್’ ಎರಡೂ ಇದರ ಬಂಧುಗಳೇ. ಹಳೆಯ ಫ್ರೆಂಚಿನ ಮೂಲಕ, ನಾರ್ಮನ್ನರ ಆಳ್ವಿಕೆಯ ಕಾಲದ ನಂತರ ಈ ಪದ ಇಂಗ್ಲಿಷಿನಲ್ಲಿ ನೆಲೆಯೂರಿತು. ನಿರ್ಜನ ಎಂಬರ್ಥದಲ್ಲಿ ಹಳೆಯ ಇಂಗ್ಲಿಷಿನಲ್ಲಿ ಅದಾಗಲೇ ಇದ್ದ ‘ವೆಸ್ಟೆ’ ಎಂಬ ಪದ ಕ್ರಮೇಣ ಮರೆಗೆ ಸರಿಯಿತು.

ನಾರ್ಮನ್ ದೊರೆ ವಿಲಿಯಂ 1069–70ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಬಂಡಾಯವನ್ನು ಹತ್ತಿಕ್ಕಲು ಯಾರ್ಕ್‌ಷೈರಿನ ಹಳ್ಳಿಗಳನ್ನು ಸುಡಿಸಿದನು. ಅದೇ ದೊರೆ 1086ರಲ್ಲಿ ರಾಜ್ಯದ ಭೂಮಿ ಮತ್ತು ಆದಾಯಗಳ ಲೆಕ್ಕ ಬರೆಸಿದನು. ‘ಡೂಮ್ಸ್‌ಡೇ ಬುಕ್’ ಎಂದು ಹೆಸರಾದ ಆ ದಫ್ತರದಲ್ಲಿ ಯಾರ್ಕ್‌ಷೈರಿನ ಅನೇಕ ಊರುಗಳ ಎದುರು ‘ವಾಸ್ಟಾ’ ಎಂಬ ಲ್ಯಾಟಿನ್ ನಮೂದು ಇದೆ. ಸುಟ್ಟು ಬರಿದಾದ ಊರು ಎಂದೇ ಇದನ್ನು ಬಹುಕಾಲ ಓದಲಾಗುತ್ತಿತ್ತು. ಆದರೆ ಹಲವು ಚರಿತ್ರಕಾರರು ಇನ್ನೊಂದು ಅರ್ಥವನ್ನೂ ಎತ್ತಿ ತೋರಿಸಿದ್ದಾರೆ. ‘ವಾಸ್ಟಾ’ ಎಂದು ಬರೆದ ಕೆಲವೆಡೆ ಜನರೂ ಸಂಪತ್ತೂ ದಾಖಲಾಗಿವೆ. ಅಂಥ ಕಡೆ ಆ ಪದ ‘ಇಲ್ಲಿಂದ ದೊರೆಗೆ ಆದಾಯ ಬಂದಿಲ್ಲ’ ಎಂಬ ಲೆಕ್ಕದ ಗುರುತಾಗಿದ್ದಿರಬೇಕು ಎಂಬುದು ಅವರ ವಾದ. ಹಾಗಿದ್ದಲ್ಲಿ, ಸುಮಾರು ಸಾವಿರ ವರ್ಷಗಳ ಹಿಂದೆಯೇ ಈ ಪದ ಮಣ್ಣಿನ ಗುಣವನ್ನು ಬಿಟ್ಟು ಬೊಕ್ಕಸದ ಗುಣವನ್ನು ಹೇಳತೊಡಗಿತ್ತು.

ಮುಂದಿನ ಶತಮಾನಗಳಲ್ಲಿ ಇಂಗ್ಲೆಂಡಿನ ಪ್ರತಿ ಜಮೀನುದಾರಿಯಲ್ಲೂ ‘ವೇಸ್ಟ್’ ಎನಿಸಿದ ಭಾಗವೊಂದಿತ್ತು. ಉಳುಮೆಯಾಗದ ಹುಲ್ಲುಗಾವಲು, ಕುರುಚಲು, ಜೌಗು, ಹಳು ಇವೆಲ್ಲ ಅದರಲ್ಲಿ ಸೇರಿದ್ದವು. ಒಡೆತನ ಜಮೀನುದಾರನದು, ಬಳಕೆ ಊರಿನದು. ಬಡವರು ಅಲ್ಲಿ ದನ ಮೇಯಿಸುತ್ತಿದ್ದರು, ಸೌದೆ ತರುತ್ತಿದ್ದರು, ಒಲೆಗೆಂದು ಜೌಗಿನ ಹೆಂಟೆ ಕಡಿಯುತ್ತಿದ್ದರು, ಹಂದಿಗಳನ್ನು ಓಕ್ ಕಾಯಿ ತಿನ್ನಲು ಬಿಡುತ್ತಿದ್ದರು. ಈ ಒಂದೊಂದು ಹಕ್ಕಿಗೂ ಅವರ ಕಾನೂನಿನಲ್ಲಿ ಪ್ರತ್ಯೇಕ ಹೆಸರಿತ್ತು. ‘ವೇಸ್ಟ್’ ಎಂದರೆ ಬಳಕೆಯಿಲ್ಲದ ನೆಲವಾಗಿರಲಿಲ್ಲ. ನೇಗಿಲು ಹೂಡದೆ ಬಳಸುತ್ತಿದ್ದ ನೆಲವಾಗಿತ್ತು. 1235ರ ಮರ್ಟನ್ ಶಾಸನ ಮಾತ್ರ ಅದಕ್ಕೆ ಮೊದಲ ಬಿರುಕು ತಂದಿತು. ತನ್ನ ಒಕ್ಕಲುಗಳಿಗೆ ಸಾಕಷ್ಟು ಮೇವಿನ ನೆಲ ಉಳಿಸಿದರೆ ಮಿಕ್ಕಿದ್ದಕ್ಕೆ ಬೇಲಿ ಹಾಕಿಕೊಳ್ಳಲು ಜಮೀನುದಾರನಿಗೆ ಅದು ಅವಕಾಶ ಕೊಟ್ಟಿತು. ಸಾಕಷ್ಟು ಎಂದರೆ ಎಷ್ಟು ಎಂಬ ಜಗಳ ಅಂದಿನಿಂದ ಆರಂಭವಾಯಿತು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಅದೇ ಇಂಗ್ಲಿಷ್ ಕಾನೂನಿನಲ್ಲಿ ‘ವೇಸ್ಟ್’ ಎಂಬ ನಾಮಪದಕ್ಕೆ ಬೇರೊಂದು ಅರ್ಥವಿತ್ತು. ಗೇಣಿದಾರನು ಒಡೆಯನ ಮರ ಕಡಿದರೆ, ಮನೆ ಬೀಳಲು ಬಿಟ್ಟರೆ, ಕಾಡನ್ನೋ ಹುಲ್ಲುಗಾವಲನ್ನೋ ಉತ್ತು ಹೊಲ ಮಾಡಿದರೆ ಅದು ‘ವೇಸ್ಟ್’ ಎಂಬ ಅಪರಾಧ. 1278ರ ಗ್ಲಾಸ್ಟರ್ ಶಾಸನ ಅದಕ್ಕೆ ಮೂರು ಪಟ್ಟು ದಂಡ ವಿಧಿಸಿತು. ಉಳದೆ ಬಿಟ್ಟ ಊರಿನ ಕಾಡು ‘ವೇಸ್ಟ್’. ಒಡೆಯನ ಕಾಡನ್ನು ಉತ್ತರೆ ಅದೂ ‘ವೇಸ್ಟ್’! ಎರಡು ಅರ್ಥಗಳೂ ನೆಲದ ಕಡೆಯಿಂದ ನೋಡಿದರೆ ಪರಸ್ಪರ ವಿರುದ್ಧ. ಒಡೆಯನ ಕಡೆಯಿಂದ ನೋಡಿದರೆ ಮಾತ್ರ ಅವು ಕೂಡಿಬರುತ್ತವೆ: ಅವನಿಗೆ ಲಾಭ ಬಾರದಿದ್ದುದು, ಅವನಿಗೆ ನಷ್ಟ ತಂದದ್ದು.

ತತ್ತ್ವದ ಬೆಂಬಲ, ಬೇಲಿಯ ಬಲ

ಹದಿನೇಳನೆಯ ಶತಮಾನದ ಕೊನೆಗೆ ಈ ಪದಕ್ಕೆ ತತ್ತ್ವಶಾಸ್ತ್ರದ ಬೆಂಬಲ ದೊರೆಯಿತು. 1689ರಲ್ಲಿ ಹೊರಬಂದ, ಮುಖಪುಟದಲ್ಲಿ 1690 ಎಂದಿರುವ ತನ್ನ ರಾಜ್ಯಶಾಸ್ತ್ರ ಗ್ರಂಥದಲ್ಲಿ ಜಾನ್ ಲಾಕ್, ದುಡಿಮೆಯೇ ಆಸ್ತಿಯ ಮೂಲವೆಂದು ವಾದಿಸಿದನು. ಉಳುಮೆ, ನೆಡುವಿಕೆ, ಮೇವಿನ ಸುಧಾರಣೆ ಯಾವುದೂ ಇಲ್ಲದೆ ಪ್ರಕೃತಿಗೇ ಬಿಟ್ಟ ನೆಲ ‘ವೇಸ್ಟ್’ ಎಂದೂ, ಅದರಿಂದ ದೊರೆಯುವ ಪ್ರಯೋಜನ ಅತ್ಯಲ್ಪವೆಂದೂ ಆತ ಹೇಳಿದನು. ಅವನ ಕಣ್ಣ ಮುಂದಿದ್ದ ಉದಾಹರಣೆ ಅಮೆರಿಕದ ಕಾಡುಗಳು. ಅಲ್ಲಿನ ಕ್ಯಾರೊಲಿನಾ ವಸಾಹತಿನ ಒಡೆಯರಿಗೆ ಲಾಕ್ ಸ್ವತಃ ಕಾರ್ಯದರ್ಶಿಯಾಗಿದ್ದವನು. ಆ ಕಾಡುಗಳಲ್ಲಿ ಬೇಟೆಯಾಡುತ್ತ, ಮೆಕ್ಕೆಜೋಳ ಬೆಳೆಯುತ್ತ ಬದುಕಿದ್ದ ಮೂಲನಿವಾಸಿಗಳ ದುಡಿಮೆ ಆ ಲೆಕ್ಕಕ್ಕೆ ಸೇರಲಿಲ್ಲ.

‘ಇಂಪ್ರೂವ್’, ಅಂದರೆ ಸುಧಾರಿಸು ಎಂಬ ಕ್ರಿಯಾಪದವೂ ‘ವೇಸ್ಟ್’ಗೆ ಜೊತೆಯಾಯಿತು. ಆ ಪದದ ಮೂಲ ಅರ್ಥವೇ ‘ಲಾಭಕ್ಕೆ ಹಚ್ಚು’ ಎಂದು. ಉತ್ತಮಗೊಳಿಸು ಎಂಬುದು ಆಮೇಲೆ ಬಂದ ಅರ್ಥ. ನೆಲ ‘ವೇಸ್ಟ್’ ಆದರೆ ಅದನ್ನು ‘ಇಂಪ್ರೂವ್’ ಮಾಡುವುದು ಪುಣ್ಯಕಾರ್ಯ. ತಡೆಯುವವನು ಪ್ರಗತಿಯ ವೈರಿ. 1604ರಿಂದ 1914ರವರೆಗೆ ಬ್ರಿಟಿಷ್ ಸಂಸತ್ತು ಐದು ಸಾವಿರಕ್ಕೂ ಹೆಚ್ಚು ಬೇಲಿ ಕಾಯ್ದೆಗಳನ್ನು ಮಾಡಿತು. ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೆಯ ಒಂದು ಭಾಗದಷ್ಟು ನೆಲ, ಸಾಮೂಹಿಕ ಬಳಕೆಯಿಂದ ಖಾಸಗಿ ಬೇಲಿಯೊಳಗೆ ಹೋಯಿತು. ಕೆಲವೆಡೆ ಇಳುವರಿ ಏರಿದ್ದು ನಿಜ. ಆದರೆ ಒಂದು ಹಸು, ನಾಲ್ಕು ಬಾತುಗಳನ್ನು ನಂಬಿ ಬದುಕಿದ್ದ ಮನೆಗಳು ಕೂಲಿಯ ಸಾಲಿಗೆ ಸರಿದದ್ದೂ ಅಷ್ಟೇ ನಿಜ.

ಕಡಲು ದಾಟಿದ ವಿಶೇಷಣ

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಈ ಪದವನ್ನು ತಮ್ಮ ಗಂಟುಮೂಟೆಯೊಡನೆ ಭಾರತಕ್ಕೆ ತಂದರು. ಕಂಪನಿಯ ಆಡಳಿತಕ್ಕೆ ಸೇರಿದ ನೆಲದಲ್ಲಿ ಮೂರನೆಯ ಒಂದು ಭಾಗ ಕಾಡುಪ್ರಾಣಿಗಳ ಜಂಗಲ್ಲೆಂದು 1789ರಲ್ಲಿ ಕಾರ್ನ್‌ವಾಲಿಸ್ ಬರೆದನು. 1793ರಲ್ಲಿ ಬಂಗಾಳದ ಕಾಯಂ ಜಮೀನುದಾರಿ ವ್ಯವಸ್ಥೆ ಬಂದದ್ದರ ಹಿಂದೆ, ಕಂದಾಯ ಶಾಶ್ವತವಾಗಿ ನಿಗದಿಯಾದರೆ ಜಮೀನುದಾರರು ಇಂಥ ನೆಲವನ್ನು ಉಳುಮೆಗೆ ತರುವರೆಂಬ ಆಸೆಯೂ ಇತ್ತು. 1838ರಲ್ಲಿ ಅಸ್ಸಾಮಿಗೆಂದು ‘ವೇಸ್ಟ್ ಲ್ಯಾಂಡ್’ ನಿಯಮಗಳು ಬಂದವು. ಚಹಾ ತೋಟಗಳಿಗೆ ನೆಲ ಸಿಕ್ಕಿದ್ದು ಇಂಥ ನಿಯಮಗಳಿಂದ. ಕುಮರಿ ಬೇಸಾಯದಲ್ಲಿ ವಿಶ್ರಾಂತಿಗೆ ಬಿಟ್ಟ ಗುಡ್ಡಗಳೂ ಅಲ್ಲಿ ‘ವೇಸ್ಟ್’ ಲೆಕ್ಕಕ್ಕೆ ಸೇರಿದವು.

ಈ ಪದ ಅರಣ್ಯ ಕಾನೂನಿನ ಹೊಸ್ತಿಲಲ್ಲೇ ಕುಳಿತಿದೆ. 1927ರ ಭಾರತೀಯ ಅರಣ್ಯ ಕಾಯ್ದೆಯ ಮೂರನೆಯ ಕಲಮಿನ ಪ್ರಕಾರ, ಸರ್ಕಾರದ ಒಡೆತನದಲ್ಲಿರುವ ಅರಣ್ಯಭೂಮಿ ಅಥವಾ ‘ವೇಸ್ಟ್’ ಭೂಮಿಯನ್ನು ಕಾಯ್ದಿಟ್ಟ ಅರಣ್ಯವೆಂದು ಘೋಷಿಸಬಹುದು. ಕಾಡು ಮತ್ತು ಪಾಳು ಒಂದೇ ಉಸಿರಿನಲ್ಲಿ! ಸರ್ಕಾರದ ಕಣ್ಣಿಗೆ ಎರಡಕ್ಕೂ ಇದ್ದ ಸಮಾನ ಲಕ್ಷಣ ಒಂದೇ: ಯಾರ ಹೆಸರಿನ ಪಟ್ಟಾವೂ ಇಲ್ಲದಿರುವುದು.

ಸ್ವಾತಂತ್ರ್ಯಾನಂತರವೂ ವಿಶೇಷಣ ಬದಲಾಗಲಿಲ್ಲ. 1985ರಲ್ಲಿ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. 2000ದಲ್ಲಿ ಉಪಗ್ರಹ ಚಿತ್ರಗಳ ಆಧಾರದಿಂದ ಸಿದ್ಧವಾದ ಪಾಳುಭೂಮಿ ನಕಾಶೆ ದೇಶದಲ್ಲಿ 6 ಕೋಟಿ 38 ಲಕ್ಷ ಹೆಕ್ಟೇರ್ ಇಂಥ ನೆಲವಿದೆ ಎಂದಿತು. 2019ರ ಆವೃತ್ತಿಯಲ್ಲಿ ಆ ಲೆಕ್ಕ 5 ಕೋಟಿ 57 ಲಕ್ಷ ಹೆಕ್ಟೇರ್. ಸವೆದ ಕೊರಕಲುಗಳು, ಚೌಳು ನೆಲಗಳು, ಗಣಿಗಾರಿಕೆಯಿಂದ ಕೆಟ್ಟ ನೆಲಗಳು ಆ ಪಟ್ಟಿಯಲ್ಲಿ ಇವೆ, ಇರಬೇಕಾದ್ದೇ. ಅವುಗಳ ಜೊತೆಗೆ ಕುರುಚಲು ಕಾಡು, ಜೌಗು, ಕುಮರಿ ನೆಲ, ಬಂಡೆಹಾಸು ಕೂಡ ಇವೆ. ಅಷ್ಟೇ ಅಲ್ಲ, ಹಿಮಾಲಯದ ಹಿಮಾವೃತ ಪ್ರದೇಶ ಮತ್ತು ನೀರ್ಗಲ್ಲುಗಳೂ ಇವೆ. ಗಂಗೆ ಹುಟ್ಟುವ ಜಾಗವೇ ‘ವೇಸ್ಟ್’ ಎನಿಸಿಕೊಳ್ಳುವ ಪಟ್ಟಿಯನ್ನು ಮಣ್ಣಿನ ವರ್ಗೀಕರಣವೆಂದು ಒಪ್ಪುವುದು ಹೇಗೆ?

ಮಲೆನಾಡಿನ ಪಾಠ

ಪಟ್ಟಿಯಲ್ಲಿ ಹೆಸರು ಸೇರಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ಕಂಡಿದೆ. 1984ರಲ್ಲಿ ರಾಜ್ಯ ಸರ್ಕಾರ ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 75,000 ಎಕರೆ ನೆಲವನ್ನು ನೀಲಗಿರಿಯಂಥ ನಾರುಮರ ಬೆಳೆಯಲು ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಎಂಬ ಜಂಟಿ ಕಂಪನಿಗೆ ಕೊಡಲು ಒಪ್ಪಿತು. ಕಡತದ ಪ್ರಕಾರ ಅದು ಕೆಳವರ್ಗದ, ಹಾಳುಬಿದ್ದ ಭೂಮಿ. ಹಳ್ಳಿಗರ ಪ್ರಕಾರ ಅದು ಮೇವು, ಸೌದೆ, ಸೊಪ್ಪಿನ ನೆಲೆ. ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಡಾ. ಶಿವರಾಮ ಕಾರಂತರೇ ಅರ್ಜಿದಾರರಲ್ಲೊಬ್ಬರಾಗಿ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 1991ರಲ್ಲಿ ಕಂಪನಿ ಮುಚ್ಚಿತು. ಕುಸನೂರಿನ ಜನ ಅಂದು ಎತ್ತಿದ ಪ್ರಶ್ನೆ ‘ಯಾರ ಪಾಲಿಗೆ ಪಾಳು?’ ಎಂಬುದೇ ಆಗಿತ್ತು.

ಮಲೆನಾಡಿನ ಬೇಸಾಯದ ವಿಜ್ಞಾನವೂ ಇದೇ ಪ್ರಶ್ನೆಯನ್ನು ಕೇಳುತ್ತದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟದ ಸವಲತ್ತು ಇದ್ದುದು ಸುಮ್ಮನೆ ಅಲ್ಲ. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ತೋಟದ ಫಲವತ್ತತೆ ಹುಟ್ಟುವುದು ತೋಟದ ಹೊರಗೆ. ಬೆಟ್ಟವನ್ನು ‘ಖಾಲಿ’ ಎಂದು ಎಣಿಸುವವನು ತೋಟದ ಅರ್ಧ ಲೆಕ್ಕವನ್ನೇ ಬಿಟ್ಟಂತೆ. ಹುಲ್ಲುಬೆಟ್ಟದ ಮಾತೂ ಹಾಗೆಯೇ. ನೀಲಗಿರಿ ಬೆಟ್ಟಗಳ ಹುಲ್ಲುಗಾವಲನ್ನು ಬರಿದೆಂದು ಬಗೆದು ಹತ್ತೊಂಬತ್ತನೆಯ ಶತಮಾನದಿಂದ ಹೊರದೇಶದ ಮರ ನೆಡಲಾಯಿತು. ಆಮೇಲೆ ಉದಕಮಂಡಲದ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರದವರು ಗ್ಲೆನ್‌ಮಾರ್ಗನ್ ಜಲಾನಯನದಲ್ಲಿ ಅಳೆದು ನೋಡಿದಾಗ, ಸಹಜ ಹುಲ್ಲುಗಾವಲಿನಲ್ಲಿ ನೀಲಗಿರಿ ಮರ ಬೆಳೆಸಿದ ಮೊದಲ ಹತ್ತು ವರ್ಷಗಳಲ್ಲಿ ಹರಿದು ಬರುವ ನೀರು ಸುಮಾರು ಶೇಕಡಾ 16ರಷ್ಟು ಇಳಿದಿತ್ತು. ಜೌಗಿನ ಉದಾಹರಣೆ ಇನ್ನೂ ಹತ್ತಿರದ್ದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಅದುವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದ ಮರವೊಂದು ಕಂಡುಬಂದು, 2000ದಲ್ಲಿ ಆ ಊರಿನ ಹೆಸರನ್ನೇ ಪಡೆಯಿತು. ಸದಾ ನೀರು ನಿಲ್ಲುವ ನೆಲ ನೇಗಿಲಿಗೆ ‘ವೇಸ್ಟ್’ ಇರಬಹುದು, ಹೊಳೆಗೆ ಅಲ್ಲ.

ಕನ್ನಡದ ಮಾತೂ ಮುಗ್ಧವಲ್ಲ

ತಪ್ಪನ್ನೆಲ್ಲ ಇಂಗ್ಲಿಷಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ‘ಪಾಳು’ ಮತ್ತು ‘ಹಾಳು’ ಒಂದೇ ಬೇರಿನ ಮಾತುಗಳು. ಪಹಣಿಯ ‘ಖರಾಬು’ ಪಾಳುಬಿದ್ದದ್ದು ಎಂಬರ್ಥದ ಅರಬ್ಬಿ ಪದ. ಕಂದಾಯ ನಿಯಮಗಳ ‘ಬಿ’ ಖರಾಬಿನಲ್ಲಿ ಹಳ್ಳ, ಕೆರೆ, ದಾರಿ, ಸ್ಮಶಾನಗಳು ಬರುತ್ತವೆ. ಊರಿಗೆಲ್ಲ ಬೇಕಾದದ್ದೇ ಖರಾಬು! ಅಕ್ಬರನ ಕಾಲದ ಕಂದಾಯ ಪದ್ಧತಿಯಲ್ಲಿ ‘ಬಂಜರು’ ಎಂದರೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಉಳುಮೆಯಾಗದ ನೆಲ; ಬಂಜೆ ನೆಲವೆಂದಲ್ಲ. ಯಾವ ಭಾಷೆಯಾದರೇನು, ತೆರಿಗೆ ಎಣಿಸುವವನ ಕಣ್ಣು ಒಂದೇ.

ಆದರೆ ಬಳಸುವವರ ಭಾಷೆ ಬೇರೆ ಇದೆ. ಬೆಟ್ಟ, ಬ್ಯಾಣ, ಕಾನು, ಹಾಡಿ, ಕುಮ್ಕಿ, ಬಾಣೆ, ಗೋಮಾಳ, ಜಡ್ಡಿ: ಒಂದೊಂದು ಹೆಸರಿನಲ್ಲೂ ಅಲ್ಲಿ ಏನು ಬೆಳೆಯುತ್ತದೆ, ಯಾರು ಬಳಸುತ್ತಾರೆ ಎಂಬ ಸುಳಿವಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯೂ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಊರಿನ ನೆಲವನ್ನು ಊರಿನ ಹೆಸರಿನಿಂದಲೇ, ಸರ್ವೆ ನಂಬರಿನ ಸಹಿತ, ಬಳಕೆಯ ವಿವರದೊಡನೆ ಬರೆಸಲು ಅದೊಂದು ಅವಕಾಶ. ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಿ ಊರಿಗೆ ಮರಳಿಸಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿದೆ. ಆದರೆ ಯಾವುದು ಸಾಮೂಹಿಕ ಎಂದು ತೋರಿಸಲು ಬರಹ ಬೇಕು.

ಕೆಟ್ಟ ನೆಲ ಇಲ್ಲವೆಂದು ಯಾರೂ ಹೇಳಲಾರರು. ಸವೆದಿದ್ದರೆ ಸವೆದಿದೆ ಎನ್ನಬೇಕು, ಚೌಳಾಗಿದ್ದರೆ ಚೌಳು ಎನ್ನಬೇಕು, ಅತಿಯಾಗಿ ಮೇಯಿಸಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ರೋಗದ ಹೆಸರು ತಿಳಿದರೆ ಮದ್ದು ಹುಡುಕಬಹುದು. ‘ವೇಸ್ಟ್’ ಎಂಬುದು ರೋಗದ ಹೆಸರಲ್ಲ, ಅದು ತೀರ್ಪು. 2009ರ ಜೈವಿಕ ಇಂಧನ ನೀತಿ ಕೂಡ ಇಂಧನ ಬೆಳೆಗಳಿಗೆ ಪಾಳುಭೂಮಿಯನ್ನೇ ತೋರಿಸಿತ್ತು. ನಾಳೆ ಇನ್ನಾವುದೋ ಯೋಜನೆ ಅದೇ ನೆಲವನ್ನು ತೋರಿಸೀತು. ಗ್ರಾಮಸಭೆಯಲ್ಲಿ ನಕಾಶೆ ಬಿಚ್ಚಿ ‘ಇದೆಲ್ಲ ವೇಸ್ಟ್ ಜಾಗ’ ಎಂದು ಯಾರಾದರೂ ಬೆರಳಿಟ್ಟಾಗ, ಕೊನೆಯ ಬೆಂಚಿನಿಂದಲಾದರೂ ಒಬ್ಬರು ಎದ್ದು ಆ ಜಾಗದ ನಿಜವಾದ ಹೆಸರು ಹೇಳಬೇಕು. ಅಲ್ಲಿ ಸೊಪ್ಪು ತರುವವರು ಯಾರು, ದನ ಮೇಯಿಸುವವರು ಯಾರು, ಅಲ್ಲಿಂದ ಇಳಿಯುವ ನೀರು ಯಾರ ಗದ್ದೆಗೆ ಹೋಗುತ್ತದೆ ಎಂಬುದನ್ನು ನಡಾವಳಿಯಲ್ಲಿ ಬರೆಸಬೇಕು.