ಹಾರ್ಮೋನಿಯಂ ನುಡಿಸಿದಾಕಿ ಹೆಸರೆಲ್ಲದ?

"ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ತೀಯೇನ?" ಅಂದ್ರು ನಮ್ಮ ವೈನಿ. ಹೂಂ ವೈನಿ, ಹಾಕ್ತೀನಿ!

ನನ್ನ ತಂಗಿ ಮಗಳು ಮೂರು ದಿನ ಸ್ಟುಡಿಯೋದಾಗ ಕೂತು ದಾಸರ ಪದಗಳಿಗೆ ಹಾರ್ಮೋನಿಯಂ ನುಡಿಸಿ ಬಂದಳು. ಹಾಡು ಈಗ ಸ್ಪಾಟಿಫೈ, ಯೂಟ್ಯೂಬ್ ಎಲ್ಲಾ ಕಡೆ ಅದ. ಹಾಡಿದವರ ಹೆಸರೂ ಅದ. ಹಾರ್ಮೋನಿಯಂ ಮಾತ್ರ ತನ್ನಷ್ಟಕ್ಕ ತಾನ ನುಡಿದಂಗ! ಬ್ಯಾರೆ ಕಾರ್ಯಕ್ರಮ ಕೇಳ್ಲಿಕ್ಕೆ ಹೋದ್ರ, "ಎಲ್ಲಿ ನುಡಿಸೀರಿ, ಲಿಂಕ್ ಕಳಸ್ರಿ" ಅಂತಾರ. ಏನು ಕಳಸಬೇಕು?

ಹಿಂದ ಎಲ್‌ಪಿ ರಟ್ಟಿನ ಬೆನ್ನಿಗೆ ತಬಲಾ, ಹಾರ್ಮೋನಿಯಂದವರ ಹೆಸರು ಅಚ್ಚು ಹಾಕತಿದ್ರು. ಅದಕ್ಕೂ ಮೊದಲು, 1902ರಾಗ, ಗೌಹರ್ ಜಾನ್ ಹಾಡು ಮುಗದಕೂಡಲೇ ಇಂಗ್ಲಿಷಿನಾಗ ತಮ್ಮ ಹೆಸರು ತಾವ ಹೇಳಿಬಿಡತಿದ್ರು. ತಟ್ಟೆ ಅಚ್ಚಾಗೋದು ಜರ್ಮನಿಯೊಳಗ, ಅಲ್ಲಿಯವರಿಗೆ ಗೊತ್ತಾಗಲಿ ಅಂತ. 1930ರಾಗ ನಮ್ಮ ಮೈಸೂರಿನಾಗ ತೀರಿಕೊಂಡ್ರು. ಆ ದನಿ ಇನ್ನೂ ಹೆಸರು ಹೇಳ್ತದ. ಅವರಿಗೆ ಯಾರು ಉಪ್ಪಿನಕಾಯಿ ಮಾತು ಹೇಳಿದ್ರು?

ಹೆಣ್ಣಮಕ್ಕಳಿಗಂತೂ ಇನ್ನೊಂದು ಗ್ರಹಚಾರ. ಮದವಿ ಆದಕೂಡಲೇ ಅಡ್ಡಹೆಸರು ಬದಲಿ. ಡಿಸ್ಕಾಗ್ಸಿನಂಥ ಪಟ್ಟಿಯೊಳಗ ತವರಮನಿ ಹೆಸರಿನಾಕಿ ಒಬ್ಬಾಕಿ, ಗಂಡನ ಮನಿ ಹೆಸರಿನಾಕಿ ಇನ್ನೊಬ್ಬಾಕಿ! ಯಾರರೆ ಕೂತು ಜೋಡಸೋತನಕ ಆಕಿ ದುಡಿಮೆ ಎರಡು ತುಂಡು. ಹೆಸರು ಒಂದ ಇಟಗೋರಿ, ಸ್ಪೆಲಿಂಗೂ ಒಂದ.

ರೊಕ್ಕದ ಮಾತಿನ ಜೋಡೀನ, ಅಪ್‌ಲೋಡ್ ಆಗೋಕಿಂತ ಮೊದಲ, "ನನ್ನ ಹೆಸರು ಎಲ್ಲಿ ಹಾಕ್ತೀರಿ?" ಅಂತ ಕೇಳ್ರಿ. ನುಡಿಸದಿದ್ದದ್ದಕ್ಕ ಹಾಕಿಸಿಕೊಂಡ್ರ ಅದು ಕಳವು, ಅದನ್ನ ನಾನೂ ಒಪ್ಪೂದಿಲ್ಲ. ನುಡಿಸಿದ್ದಕ್ಕ ನಾಚಿಕಿ ಯಾಕ?

ಹುಡುಗಿ ನಿನ್ನೆ ಅವರಿಗೆ ಮೆಸೇಜ್ ಹಾಕ್ಯಾಳ. ನೀಲಿ ಗೆರಿ ಬಂದಾವ, ಉತ್ತರ ಬಂದಿಲ್ಲ.